60 ಲಕ್ಷ ಹಳೇ ಸೆಷನ್ ತೆಗೆದೆ, ಸರ್ವರ್ ಬದಲಿಸಲಿಲ್ಲ

ಮಡಿಕೇರಿ ಸುತ್ತಲಿನ ಹೋಮ್‌ಸ್ಟೇಗಳಿಗೆ ಬುಕಿಂಗ್ ಸೈಟ್ ನಡೆಸುತ್ತೇನೆ. ಸೈಟ್ ಕಟ್ಟಿದ್ದು ಜಾಂಗೋದಲ್ಲಿ, ಮಾಹಿತಿ ಇಡುವುದು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ. ಹೋದ ಜುಲೈನಲ್ಲಿ ಡಿಸ್ಕ್ ತುಂಬಿ ಸೈಟ್ ನಿಂತುಹೋಯಿತು. ಬುಕಿಂಗ್ ಟೇಬಲ್ ಅಂಗೈಯಷ್ಟು, ಸೈಟ್‌ಗೆ ಬಂದವರ ಗುರುತು, ಲಾಗಿನ್ ನೆನಪಿಡುವ ಸೆಷನ್ ಟೇಬಲ್ ಸುಮಾರು 6 ಜಿಬಿ! 60 ಲಕ್ಷ ಸಾಲು ಇದ್ದಿರಬೇಕು.

ವಿರಾಜಪೇಟೆಯ ಗೆಳೆಯ "ದೊಡ್ಡ ಸರ್ವರ್ ತಗೋ ಮಾರಾಯ, ಅಳಿಸೋಕೆ ಹೋಗಿ ಇರೋದನ್ನೂ ಕಳ್ಕೋತೀಯ" ಎಂದ. ತಿಂಗಳಿಗೆ 900 ರೂಪಾಯಿ ಇದ್ದದ್ದು 1,900 ಆಗುತ್ತಿತ್ತು. ಮಳೆಗಾಲದಲ್ಲಿ ಬುಕಿಂಗೇ ಇಲ್ಲ, ಎಲ್ಲಿಂದ ತರಲಿ?

ಹಳೇ ಲಾಗ್ ಅಳಿಸಿ ಸ್ವಲ್ಪ ಜಾಗ ಮಾಡಿಕೊಂಡು ಅವಧಿ ಮುಗಿದ ಸೆಷನ್ ಅಳಿಸುವ ಜಾಂಗೋದ ಕ್ಲಿಯರ್‌ಸೆಷನ್ಸ್ ಕಮಾಂಡ್ ಓಡಿಸಿದೆ. ಮುಕ್ಕಾಲು ಗಂಟೆ ಆಗಿತ್ತು, ಕರೆಂಟ್ ಹೋಯಿತು. ಮೋಡೆಮ್ ಆರಿತು, ಸರ್ವರ್‌ಗಿದ್ದ ಎಸ್‌ಎಸ್‌ಎಚ್ ಸಂಪರ್ಕ ಕಡಿಯಿತು. ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಟೀಮಕ್ಸ್ ಒಳಗೆ ಓಡಿಸಿರಲಿಲ್ಲ. ಅಷ್ಟೂ ಡಿಲೀಟ್ ಒಂದೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ) ಅಲ್ವಾ, ಪೂರ್ತಿ ರೋಲ್‌ಬ್ಯಾಕ್ ಆಗಿ ಮೊದಲಿದ್ದಂತೆಯೇ ಆಯಿತು. ಒಂದು ಸಾಲೂ ಕಡಿಮೆಯಾಗಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಕಂತು ಕಂತಾಗಿ ಅಳಿಸಿದೆ. ಅವಧಿ ಮುಗಿದ ಸಾಲು ಮಾತ್ರ, ಲಿಮಿಟ್ 5,000, ಪ್ರತಿ ಕಂತಿಗೂ ಕಮಿಟ್, ಅಂದರೆ ಅಳಿಸಿದ್ದನ್ನು ಅಲ್ಲಲ್ಲೇ ಖಾಯಂ ಮಾಡುವುದು. ಎರಡು ಕಂತಿನ ನಡುವೆ ಎಷ್ಟು ಬಿಡುವು ಬೇಕು ಅಂತ ನನ್ನ ಸ್ಕ್ರಿಪ್ಟ್ ತಾನೇ ನೋಡಿಕೊಳ್ಳುತ್ತದೆ. ಆ ಗುಟ್ಟು ನನ್ನ ಹತ್ತಿರವೇ ಇರಲಿ. ಬೆಳಗಾಗುವಷ್ಟರಲ್ಲಿ ಹೆಚ್ಚುಕಡಿಮೆ 30 ಸಾವಿರ ಸಾಲು ಉಳಿದಿದ್ದವು. ಡಿಸ್ಕ್ ಮಾತ್ರ ಹಾಗೇ ತುಂಬಿತ್ತು! ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಡಿಸ್ಕ್‌ನಲ್ಲಿ ಇಡುವ ಭಾಗವಾದ ಇನ್ನೋಡಿಬಿ ಖಾಲಿ ಜಾಗವನ್ನು ಸುಮ್ನೆ ವಾಪಸ್ ಕೊಡಲ್ಲ. ಟೇಬಲನ್ನು ಹೊಸದಾಗಿ ಕಟ್ಟುವ ಆಪ್ಟಿಮೈಜ್ ಟೇಬಲ್ ಕಮಾಂಡ್ ಕೊಟ್ಟ ಮೇಲೆ 6 ಜಿಬಿ ಬಿಡುಗಡೆಯಾಯಿತು. ಉಳಿದ ಸಾಲು ಕಡಿಮೆ ಇದ್ದುದರಿಂದ ನಿಮಿಷದೊಳಗೆ ಮುಗಿಯಿತು.

ಆದರೆ ಗಿರಾಕಿಗಳೇ ಇಲ್ಲದ ಮಳೆಗಾಲದಲ್ಲಿ ಸೆಷನ್ ಹೇಗೆ ಬೆಳೆಯಿತು? ಈ ಪ್ರಶ್ನೆಯೇ ದಾರಿ ತೋರಿಸಿತು. ಬಂದವರು ಕೊನೆಗೆ ನೋಡಿದ ಕೋಣೆಯನ್ನು ನಾನು ಸೆಷನ್‌ನಲ್ಲಿ ಬರೆದಿಡುತ್ತಿದ್ದೆ. ಸೈಟ್ ಜಾಲಾಡುವ ಬಾಟ್ ಪ್ರೋಗ್ರಾಂಗಳು ಸಾಮಾನ್ಯವಾಗಿ ಕುಕ್ಕಿ (ಬ್ರೌಸರ್‌ನಲ್ಲಿ ಉಳಿಯುವ ಗುರುತಿನ ಚೀಟಿ) ಇಟ್ಟುಕೊಳ್ಳಲ್ಲ, ಹಾಗಾಗಿ ತೆರೆದ ಪ್ರತಿ ಪುಟಕ್ಕೂ ಹೊಸ ಸಾಲು. ಈಗ ತಾರೀಖು ಆರಿಸಿದ ಮೇಲೆ ಮಾತ್ರ ಬರೆಯುತ್ತೇನೆ. ಸೇರುವ ಸಾಲುಗಳು ಹತ್ತರಲ್ಲಿ ಒಂದು ಪಾಲಿಗೆ ಇಳಿದವು.

ನಡುವೆ ಸೆಷನ್ ಪೂರ್ತಿ ಸರ್ವರ್ ಸಹಿ ಹಾಕಿದ (ಸೈನ್ಡ್) ಕುಕ್ಕಿಗೆ ಹಾಕಿಯೂ ನೋಡಿದೆ. ಟೇಬಲ್ಲೇ ಬೇಡ, ಚೆನ್ನಾಗಿತ್ತು. ಆದರೆ ಕೆಲಸ ಬಿಟ್ಟವರ ಫೋನಿನಲ್ಲಿ ಲಾಗಿನ್ ಉಳಿದರೆ ಆ ಒಂದನ್ನು ಮಾತ್ರ ಸರ್ವರ್‌ನಿಂದ ಕಡಿಯಲು ಆಗಲ್ಲ. ನಾಲ್ಕೇ ದಿನಕ್ಕೆ ಕೈಬಿಟ್ಟೆ.

ಈಗ ದಿನಾ ಬೆಳಗಿನ ಜಾವ 3ಕ್ಕೆ ಹಳೇ ಸೆಷನ್ ಅಳಿಸುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ನಡೆಯುವ ಕೆಲಸ) ಓಡುತ್ತದೆ. ಅಕ್ಟೋಬರ್‌ನಲ್ಲಿ ತಲಕಾವೇರಿ ತೀರ್ಥೋದ್ಭವದ ಜನಸಂದಣಿಯನ್ನು ಅದೇ 900 ರೂಪಾಯಿ ಸರ್ವರ್ ತಡೆದುಕೊಂಡಿತು. ಹೋದ ವಾರ ವಿರಾಜಪೇಟೆಯ ಗೆಳೆಯನೇ ಫೋನ್ ಮಾಡಿ ಸ್ಕ್ರಿಪ್ಟ್ ಕೇಳಿದ.