ಕಾಫಿ ಕಣದಲ್ಲಿ ಹಿಂದಕ್ಕೆ ನಡೆದು ಮಂಡಿ ಸರಿ ಮಾಡಿಕೊಂಡೆ

ಹೋದ ತಿಂಗಳು ಸಂಪಾಜೆಯಿಂದ ಮಡಿಕೇರಿಗೆ ಸೈಕಲ್ ಹತ್ತಿಸಿದೆ. 26 ಕಿ.ಮೀ. ಚಿಲ್ಲರೆ, ಹತ್ತಿರ ಹತ್ತಿರ ಸಾವಿರ ಮೀಟರ್ ಏರು. ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಮೊದಲು ಎರಡು ಗಂಟೆ ಐದು ನಿಮಿಷಕ್ಕೆ ಮೇಲಿರುತ್ತಿದ್ದೆ. ಹದಿನೈದು ನಿಮಿಷ ಹೋದರೆ ಹೋಗಲಿ. ವರ್ಷದ ಹಿಂದೆ ಇದೇ ಕಾಲಿನಲ್ಲಿ ಮನೆಯ ಮೂರು ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಿತ್ತು. 'ಆಪರೇಷನ್ ಇಲ್ಲದೆ ನೀನಿನ್ನು ಸೈಕಲ್ ಒರೆಸಿ ಇಡು ಅಷ್ಟೇ' ಎಂದಿದ್ದ ನಮ್ಮ ಗುಂಪಿನ ಇಬ್ಬರು ಅವತ್ತು ಜೊತೆಗೇ ಬಂದಿದ್ದರು. ಕೊನೆಯವರೆಗೂ ನನ್ನ ಹಿಂದೆಯೇ ಇದ್ದರು. ಇದನ್ನು ಬರೆಯದೆ ಮುಂದೆ ಹೋಗಲು ಮನಸ್ಸು ಬರಲ್ಲ.

ಬಿದ್ದದ್ದು ದೊಡ್ಡ ಸಾಹಸ ಮಾಡಲು ಹೋಗಿ ಅಲ್ಲ. ನಮ್ಮ ಕೊಡಗಿನ ಸುಗ್ಗಿಹಬ್ಬ ಪುತ್ತರಿಗೆ ಹದಿನೈದು ದಿನ ಇತ್ತು. ಚೆಟ್ಟಳ್ಳಿ ಕಡೆಯ ನಮ್ಮದೇ ತೋಟದ ಜೀಪ್ ದಾರಿ, ಸಾವಿರ ಸಲ ಇಳಿದದ್ದು. ಹಿಂದಿನ ರಾತ್ರಿ ಮಳೆ ಬಂದಿತ್ತು. ಸಿಲ್ವರ್ ಮರದ ಬೇರಿನ ಮೇಲೆ ಮುಂದಿನ ಚಕ್ರ ಜಾರಿತು. ಹಾಕಿದ್ದು ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ. ಎಡಗಾಲಿನದು ಪೆಡಲ್‌ನಿಂದ ಬಿಟ್ಟುಕೊಂಡಿತು, ಬಲಗಾಲಿನದು ಬಿಡಲಿಲ್ಲ. ಸೈಕಲ್ ಒಂದು ಕಡೆ, ನಾನು ಇನ್ನೊಂದು ಕಡೆ, ಮಂಡಿ ನಡುವೆ. ಒಣ ಕಡ್ಡಿ ಮುರಿದ ಹಾಗೆ ಟಪ್ ಅಂತ ಸದ್ದು ನನಗೇ ಕೇಳಿಸಿತು. ಎದ್ದು ನಾಲ್ಕು ಹೆಜ್ಜೆ ನಡೆದೆ ಕೂಡ. ಸಂಜೆಗೆ ಮಂಡಿ ಚಕ್ಕೋತದ ಗಾತ್ರ ಆಗಿತ್ತು.

ಎಂಆರ್‌ಐಗೆ ಮೈಸೂರಿಗೆ ಹೋದೆ. ಮಂಡಿಯ ನಡುವೆ ಮೂಳೆಗಳನ್ನು ಹಿಡಿದಿಡುವ ಕಟ್ಟುನಾರು ಎಸಿಎಲ್ ಅರ್ಧಕ್ಕಿಂತ ಜಾಸ್ತಿ ಹರಿದಿದೆ, ಒಳಬದಿಯ ಕಟ್ಟುನಾರು ಎಂಸಿಎಲ್ ಎರಡನೇ ಗ್ರೇಡ್, ಅಂದರೆ ಅದೂ ಅರ್ಧಂಬರ್ಧ ಹರಿದಿದೆ, ಮೂಳೆಗಳ ನಡುವಿನ ಮೆತ್ತೆ ಮಿನಿಸ್ಕಸ್‌ನಲ್ಲಿ ಸಣ್ಣ ಬಿರುಕು. ಮೊದಲು ನೋಡಿದ ಡಾಕ್ಟರು ಫಿಲ್ಮ್ ಬೆಳಕಿಗೆ ಹಿಡಿದ ಎರಡು ನಿಮಿಷದಲ್ಲಿ ಆಪರೇಷನ್ ತಾರೀಖು ಕೇಳಿದರು. ಎಲ್ಲ ಸೇರಿ ಎರಡೂಕಾಲು ಲಕ್ಷ. ಆ ವರ್ಷ ಕಾಳುಮೆಣಸು ಕೈಕೊಟ್ಟಿತ್ತು, ದುಡ್ಡು ಇರಲಿಲ್ಲ. ನಿಜ ಹೇಳಬೇಕೆಂದರೆ, ದುಡ್ಡು ಇದ್ದಿದ್ದರೆ ಸುಮ್ನೆ ಮಾಡಿಸಿಕೊಳ್ಳುತ್ತಿದ್ದೆ. ಎರಡನೇ ಡಾಕ್ಟರು ಮಂಡಿ ಎಳೆದು ತಿರುಗಿಸಿ ನೋಡಿ, 'ಮೂರು ತಿಂಗಳು ಫಿಸಿಯೋ ಮಾಡಿ ಬನ್ನಿ, ಮಂಡಿ ಕೈಕೊಡುತ್ತಿದ್ದರೆ ಆಗ ನೋಡೋಣ' ಎಂದರು. ಅಲ್ಲಿನ ಫಿಸಿಯೋ ಇನ್ನೊಂದು ವಿಷಯ ಹೇಳಿದರು. ಸ್ವೀಡನ್‌ನಲ್ಲಿ ಎಸಿಎಲ್ ಹರಿದ 121 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದ್ದರಂತೆ, 2010ರಲ್ಲಿ ಅಚ್ಚಾಯಿತು. ಮೊದಲು ವ್ಯಾಯಾಮ, ಬೇಕಿದ್ದರೆ ಮಾತ್ರ ಆಪರೇಷನ್ ಅಂದ ಗುಂಪಿನಲ್ಲಿ ಎರಡು ವರ್ಷ ಕಳೆದರೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆಪರೇಷನ್ ಬೇಕಾಗಿರಲಿಲ್ಲ. ಐದು ವರ್ಷಕ್ಕೆ ಸರಿಸುಮಾರು ಅರ್ಧ ಜನ ಮಾಡಿಸಿಕೊಂಡಿದ್ದರು. ಅಂದರೆ ನಾಣ್ಯ ಚಿಮ್ಮಿದ ಹಾಗೆ. ನಾನು ಚಿಮ್ಮಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮಂಡಿ ಬೀಗ ಬಿದ್ದ ಹಾಗೆ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ. ಗೋಣಿಕೊಪ್ಪದ ನನ್ನ ಸ್ನೇಹಿತನದು ಹಾಗಾಗುತ್ತಿತ್ತು, ಮಡಚಿದರೆ ನೆಟ್ಟಗಾಗುತ್ತಿರಲಿಲ್ಲ. ಅವನು ಆಪರೇಷನ್ ಮಾಡಿಸಿದ, ಮಾಡಿಸಿದ್ದೇ ಸರಿ. ನಾನು ಬರೆದದ್ದು ಓದಿ ಅಂಥವರು ಟೈರ್ ಎಳೆಯಲು ಹೋಗಬೇಡಿ.

ಮೊದಲ ಎರಡು ತಿಂಗಳು ಮಾಡಿದ್ದೆಲ್ಲ ತಪ್ಪು. ಮೂರು ವಾರ ಕುರ್ಚಿಯಲ್ಲಿ ಕೂತೆ. ಪುತ್ತರಿ ಕೋಲಾಟವನ್ನೂ ಕುರ್ಚಿಯಲ್ಲೇ ನೋಡಿದೆ. ಆಮೇಲೆ ಟೇಪು ಹಿಡಿದರೆ ಬಲತೊಡೆ ಎಡತೊಡೆಗಿಂತ ಮೂರೂವರೆ ಸೆಂ.ಮೀ. ಸಣ್ಣ! ಮೂರೇ ವಾರಕ್ಕೆ. ಆಮೇಲೆ ಮಾವನ ಒತ್ತಾಯಕ್ಕೆ ಎಣ್ಣೆ ತಿಕ್ಕಿ ಮೂಳೆ ಕೂರಿಸುವವರೊಬ್ಬರ ಹತ್ತಿರ ಹೋದೆ. ಎಣ್ಣೆ ಪರಿಮಳ ಚೆನ್ನಾಗಿತ್ತು. ಅವರು ಕಾಲು ಹಿಡಿದು ಜಗ್ಗಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು, ಮರುದಿನ ಮಂಡಿಯಲ್ಲೂ ನೀರು ತುಂಬಿತು. ಮೂರು ಸಲಕ್ಕೆ 1,500 ರೂಪಾಯಿ. ಏಳು ಸಾವಿರ ಕೊಟ್ಟು ಮಂಡಿಗೆ ಕಟ್ಟುವ, ಕಬ್ಬಿಣದ ಪಟ್ಟಿ ಇರುವ ಬ್ರೇಸ್ ತಂದೆ. ನಮ್ಮ ಥಂಡಿಗೆ ಅದು ಒಣಗುವುದೇ ಇಲ್ಲ. ಚರ್ಮ ತುರಿಸಿತು, ಬ್ರೇಸ್‌ಗೆ ಬೂಷ್ಟು ಬಂತು. ಈಗ ಅಟ್ಟದಲ್ಲಿದೆ.

ಡಿಸೆಂಬರ್ ಕೊನೆಗೆ ಸೆಕೆಂಡ್ ಹ್ಯಾಂಡ್ ಟ್ರೇನರ್, ಅಂದರೆ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್, ಸಿಕ್ಕಿತು, 4,500ಕ್ಕೆ. ಸ್ಟೋರ್ ರೂಮಿನ ಜಗುಲಿಯಲ್ಲಿ ಇಟ್ಟೆ. ಕಾಡು ದಾರಿಯ ಗುಬುಟು ಗುಬುಟು ಟೈರಿನಲ್ಲಿ ತುಳಿದರೆ ಹಿಟ್ಟಿನ ಗಿರಣಿಯ ಸದ್ದು. 700 ರೂಪಾಯಿಯ ನುಣ್ಣನೆ ಟೈರ್ ಹಾಕಿದ ಮೇಲೆ ಮನೆಯವರು ಮಾತಾಡಿಸಿದರು. ಆದರೆ ಮಂಡಿ 95 ಡಿಗ್ರಿಗಿಂತ ಮಡಚುತ್ತಿರಲಿಲ್ಲ. ಪೆಡಲ್ ಪೂರ್ತಿ ಸುತ್ತಲು 110ರ ಹತ್ತಿರ ಬೇಕು. ಐದು ದಿನ ತೊಟ್ಟಿಲ ಹಾಗೆ ಅರ್ಧ ಮುಂದೆ, ಅರ್ಧ ಹಿಂದೆ ತೂಗಿದೆ. ಆರನೇ ದಿನ ಬೇಜಾರಿಗೆ ಹಿಂದಕ್ಕೆ ತುಳಿದೆ, ಸುತ್ತು ಪೂರ್ತಿಯಾಯಿತು! ಮುಂದಕ್ಕೆ ಆಗದ ಸುತ್ತು ಹಿಂದಕ್ಕೆ ಆಗುತ್ತದೆ. ಫಿಸಿಯೋಗೆ ದೊಡ್ಡ ಸಂಶೋಧನೆ ಅಂತ ಫೋನ್ ಮಾಡಿದೆ. 'ಅದು ನಮಗೆ ಗೊತ್ತಿರುವುದೇ' ಎಂದರು. ಮೊದಲೇ ಹೇಳಬಾರದಿತ್ತಾ?

ಸುತ್ತು ಬಂತು ಅಂತ ಸೊಕ್ಕು ಬಂತು. ಜನವರಿ ಮೊದಲ ವಾರ ಸಿದ್ದಾಪುರಕ್ಕೆ ಹೋಗಿ ಬಂದೆ. ಹೋಗುವಾಗ ಹಾರಿದ ಹಾಗೆ. ಬರುವಾಗಲೂ ನೋವಿಲ್ಲ. ರಾತ್ರಿ ಅವ್ವನಿಗೆ 'ನೋಡು' ಅಂತ ಕುಣಿದು ತೋರಿಸಿದೆ. ಬೆಳಿಗ್ಗೆ ಮಂಡಿಯ ಸುತ್ತಳತೆ ಎರಡು ಸೆಂ.ಮೀ. ಜಾಸ್ತಿ. ಹತ್ತು ದಿನ ಮತ್ತೆ ಕುರ್ಚಿ.

ಅಲ್ಲಿಂದ ಟೇಪು ನನ್ನ ಡಾಕ್ಟರ್ ಆಯಿತು. ಟೈಲರ್ ಟೇಪು, 20 ರೂಪಾಯಿ. ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೆ ಮೊದಲು, ಮಂಡಿಚಿಪ್ಪಿನ ನಡುವಿಗೆ ಒಂದು ಅಳತೆ. ಅದರಿಂದ ಒಂದು ಗೇಣು ಮೇಲೆ, ಬಾಲ್‌ಪೆನ್ ಗುರುತು ಹಾಕಿದ ಕಡೆ, ತೊಡೆಗೆ ಒಂದು ಅಳತೆ. ಮಂಡಿ ಅರ್ಧ ಸೆಂ.ಮೀ. ಏರಿದ್ದರೆ ನಿನ್ನೆಯದನ್ನೇ ಇವತ್ತೂ ಮಾಡುವುದು. ಒಂದು ಸೆಂ.ಮೀ. ಏರಿದ್ದರೆ ಅರ್ಧ. ಏರದಿದ್ದರೆ ಸ್ವಲ್ಪ ಜಾಸ್ತಿ. ನೋವಿಲ್ಲ ಅಂತ ನಂಬಬೇಡಿ, ಅದು ಸುಳ್ಳು ಹೇಳುತ್ತದೆ. ಕೆಲಸ ಮಾಡುವಾಗ ಸುಮ್ಮನಿದ್ದು ಮರುದಿನ ಬಿಲ್ ಕೊಡುವ ಜಾತಿ ಈ ಮಂಡಿ.

ರಸ್ತೆಗೆ ಇಳಿಯಲಾಗದ್ದಕ್ಕೆ ಇನ್ನೊಂದು ಕಾರಣ ಆನೆ. ನಮ್ಮ ಕಡೆ ಬೆಳಗಿನ ಏಳಕ್ಕೆ ಮೊದಲು ಒಬ್ಬನೇ ಹೊರಡುವ ಹಾಗಿಲ್ಲ. ಇಂಥ ತೋಟದಲ್ಲಿ ಆನೆ ಇದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತಲೇ ಇರುತ್ತದೆ. ಅವ್ವ ಕೇಳಿದ್ದು ಒಂದೇ ಪ್ರಶ್ನೆ: 'ಆನೆ ಬಂದರೆ ಆ ಕಾಲಲ್ಲಿ ಓಡ್ತೀಯಾ?' ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಕಾಫಿ ಒಣಗಿಸುವ ಕಣದಲ್ಲೇ ಉಳಿದೆ.

ರೊಬಸ್ಟಾ ಕೊಯ್ಲು ನಡೆಯುತ್ತಿತ್ತು. ಕಣದ ತುಂಬ ಹಣ್ಣು. ಕೂತು ಲೆಕ್ಕ ಬರೆಯುವವನು ಒಂದು ದಿನ ಎದ್ದು ಕಾಫಿ ಎಳೆಯುವ ಹಲಗೆ ಹಿಡಿದೆ. ಮುಂದಕ್ಕೆ ತಳ್ಳಿದರೆ ಮಂಡಿಚಿಪ್ಪಿನ ಕೆಳಗೆ ಚುಚ್ಚುತ್ತಿತ್ತು. ಹಿಂದಕ್ಕೆ ನಡೆಯುತ್ತಾ ಎಳೆದೆ. ಚುಚ್ಚಲಿಲ್ಲ. ಹತ್ತು ಸಾಲು ಮುಗಿಯುವ ಹೊತ್ತಿಗೆ ಬಲತೊಡೆಯ ಮುಂಭಾಗ, ಎರಡು ತಿಂಗಳಿಂದ ಸತ್ತ ಹಾಗಿದ್ದದ್ದು, ಉರಿಯತೊಡಗಿತು. ಬೆಳಿಗ್ಗೆ ಟೇಪು ಹಿಡಿದರೆ ಊತ ಇಲ್ಲ. ಅಲ್ಲಿಗೆ ದಾರಿ ಸಿಕ್ಕಿತು.

ಜೀಪಿನ ಹಳೇ ಟೈರಿಗೆ ಹಗ್ಗ ಕಟ್ಟಿದೆ, ಹಗ್ಗವನ್ನು ಸೊಂಟದ ಅಗಲ ಬೆಲ್ಟಿಗೆ. ಕಣದ ಅಂಚಿನಲ್ಲಿ ಮೂರಡಿ ಜಾಗ ಬಿಡಿಸಿಕೊಂಡು ಹಿಂದೆ ಹಿಂದೆ ನಡೆದೆ. ಬೆರಳು ಮೊದಲು ನೆಲಕ್ಕೆ, ಆಮೇಲೆ ಹಿಮ್ಮಡಿ, ಆಮೇಲೆ ಮಂಡಿ ಪೂರ್ತಿ ನೆಟ್ಟಗೆ. ಆ ಕೊನೆಯ ನೆಟ್ಟಗಾಗುವುದರಲ್ಲೇ ಎಲ್ಲ ಇದೆ, ಅವಸರದಲ್ಲಿ ಅದನ್ನು ನುಂಗಿದರೆ ಎಳೆದದ್ದೆಲ್ಲ ದಂಡ. ಮೊದಲ ದಿನ ಖಾಲಿ ಟೈರ್, 20 ಮೀಟರಿನ ಐದು ಸಾಲು. ಫೆಬ್ರವರಿಯಲ್ಲಿ ಟೈರ್ ಮೇಲೆ 25 ಕೆ.ಜಿ. ಸುಣ್ಣದ ಚೀಲ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಕಣ ಖಾಲಿಯಾದ ಮೇಲೆ ಎರಡು ಚೀಲ, 20 ಸಾಲು, ವಾರಕ್ಕೆ ನಾಲ್ಕು ದಿನ. ಸಿಮೆಂಟ್ ಕಣ ಒಂದೊಂದು ದಿನ ಒಂದೊಂದು ಥರ ಜಾರುತ್ತದೆ, ಎಳೆತ ಒಂದೇ ಸಮ ಇರಲು ಟೈರಿನ ಅಡಿಗೆ ನಾನೊಂದು ಹಾಕುತ್ತೇನೆ. ಅದೇನು ಅಂತ ಹೇಳಲ್ಲ. ಐದು ಸಲ ತಪ್ಪಿದ ಮೇಲೆ ಸಿಕ್ಕಿದ್ದು, ನೀವೂ ಸ್ವಲ್ಪ ತಪ್ಪಿ.

ನಗಾಡಿದವರಿಗೆ ಲೆಕ್ಕ ಇಲ್ಲ. 'ಸಾವ್ಕಾರ್ರೇ, ಕಾಲು ಹಿಂದೆಮುಂದೆ ಇರೋದು ದೆವ್ವಕ್ಕೆ ಮಾತ್ರ' ಎಂದ ಮೇಸ್ತ್ರಿ. ನಮ್ಮ ಗುಂಪಿನವರು ವಿಡಿಯೋ ಮಾಡಿ ಹಂಚಿದರು. ಮಾವ ಮಾತ್ರ ನಗಲಿಲ್ಲ, ದೃಷ್ಟಿ ತೆಗೆಸಿದರು. ಏಪ್ರಿಲ್ ಕೊನೆಗೆ ತೊಡೆಯ ವ್ಯತ್ಯಾಸ ಮೂರೂವರೆಯಿಂದ ಒಂದೂವರೆಗೆ ಇಳಿದಿತ್ತು. ಈಗ ಅದೇ ಮೇಸ್ತ್ರಿ ಮಂಡಿನೋವಿಗೆ ಸಂಜೆ ಖಾಲಿ ಟೈರ್ ಎಳೆಯುತ್ತಾನೆ.

ಸೈಕಲ್ಲಿಗೆ ಮಾಡಿದ್ದು ಕಡಿಮೆ. ಪೆಡಲ್ ಕೂರುವ ತೋಳು ಕ್ರ್ಯಾಂಕ್ 175ರಿಂದ 165 ಎಂಎಂ, ಸೀಟು ಒಂದು ಸೆಂ.ಮೀ. ಮೇಲೆ, ಮುಂದಿನ ಹಲ್ಲುಚಕ್ರ ಚೈನ್‌ರಿಂಗ್ 32ರಿಂದ 28 ಹಲ್ಲಿಗೆ, ಕ್ಲಿಪ್ ಇಲ್ಲದ ಅಗಲ ಪೆಡಲ್. ಪೆಡಲ್ ಮೇಲಿನ ಮೊಳೆ ಉದ್ದದ್ದು ತಗೊಳ್ಳಿ, ಮಳೆಯಲ್ಲಿ ಶೂ ಕಚ್ಚಿಕೊಳ್ಳಬೇಕು. ಕ್ರ್ಯಾಂಕ್ ಚಿಕ್ಕದಾದರೆ ಏರು ಹತ್ತಲಾಗಲ್ಲ ಎನ್ನುವವರು ಹತ್ತಿಸಿ ನೋಡಿಲ್ಲ. ಮಂಡಿ ಮೇಲೆ ಬಂದಾಗ ಮಡಚುವುದು ಕಡಿಮೆ, ಅಷ್ಟೇ ಬೇಕಿತ್ತು. ಓವಲ್ ಚೈನ್‌ರಿಂಗ್ ಎರವಲು ತಂದು ಎರಡು ವಾರ ನೋಡಿದೆ. ನನಗೆ ಏನೂ ಗೊತ್ತಾಗಲಿಲ್ಲ, ವಾಪಸ್ ಕೊಟ್ಟೆ. ಇಳಿಜಾರಿನಲ್ಲಿ ಪೆಡಲ್ ಮೇಲೆ ನಿಂತಾಗ ಯಾವಾಗಲೂ ಬಲಗಾಲು ಮುಂದೆ ಇಡುತ್ತಿದ್ದೆ. ಎಡಗಾಲು ಮುಂದಿಟ್ಟು ಇಳಿಯುವುದನ್ನು ಹೊಸದಾಗಿ ಕಲಿತೆ. ಎಡಗೈಯಲ್ಲಿ ಅಕ್ಕಿರೊಟ್ಟಿ ತಟ್ಟಿದ ಹಾಗೆ ಇತ್ತು, ಮೂರು ತಿಂಗಳು.

ಮಳೆಗಾಲ ನನ್ನ ಪಾಲಿಗೆ ಉಪಕಾರ ಮಾಡಿತು. ಜೂನ್‌ನಿಂದ ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ, ಆಸೆಗೆ ಬೀಗ. ಟೈರನ್ನು ಗೋದಾಮಿನೊಳಗೆ ಎಳೆದೆ. ಮೆಟ್ಟಿಲಿನಿಂದ ಒಂಟಿ ಕಾಲಲ್ಲಿ ನಿಧಾನ ಇಳಿಯುವುದು, ಐದು ಎಣಿಸುವಷ್ಟು ಹೊತ್ತು. ಮಳೆಗಾಲದ ನಮ್ಮ ಕೊಡವ ತಿಂಗಳು ಕಕ್ಕಡದ 18ರಂದು ಅವ್ವ ಮದ್ದುಸೊಪ್ಪಿನ ಪಾಯಸ ಮಾಡಿದರು, ಆ ದಿನ ಆ ಸೊಪ್ಪಿಗೆ ಔಷಧದ ಗುಣ ಇರುತ್ತದೆ ಅಂತ ನಂಬಿಕೆ. ಈ ಸಲ ಮಂಡಿಗೆ ಅಂತ ಎರಡು ತಟ್ಟೆ ಜಾಸ್ತಿ ತಿಂದೆ. ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಮರುದಿನ ಟೇಪಿನಲ್ಲಿ ಮಾತ್ರ ಒಂದು ಗೆರೆಯೂ ಬದಲಾಗಿರಲಿಲ್ಲ. ಅವ್ವನಿಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ಸೆಪ್ಟೆಂಬರಿನಲ್ಲಿ ಕಣ ಒಣಗಿದ ದಿನ ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಂಟಿ ಕಾಲಲ್ಲಿ ಹಾರಿದೆ. ಕೆಟ್ಟ ಕಾಲು ಒಳ್ಳೇ ಕಾಲಿನ ಶೇಕಡಾ 90ರಷ್ಟು ದೂರ ಹಾರಬೇಕು, ಅದಕ್ಕೆ ಮೊದಲು ಕಾಡು ದಾರಿ ಬೇಡ ಅಂತ ಫಿಸಿಯೋ ಹೇಳಿದ್ದರು. ಮಾರ್ಚ್‌ನಲ್ಲಿ 60 ಬಂದಿತ್ತು. ಈಗ 92. ಆದರೆ ನನಗೆ ಬೇಕಿದ್ದದ್ದು ಅವ್ವನ ಪರೀಕ್ಷೆ. ಗೇಟಿನಿಂದ ಮನೆಯವರೆಗೆ, ಏರಿನಲ್ಲಿ, ಗಂಬೂಟ್ ಹಾಕಿ ಓಡಿದೆ. ಅವ್ವ ಜಗುಲಿಯಲ್ಲಿ ಕೂತು ನೋಡಿದರು. 'ಆನೆ ಇದಕ್ಕಿಂತ ಜೋರಾಗಿ ಬರುತ್ತೆ' ಎಂದರು. ಒಪ್ಪಿಗೆ ಅಂತ ತಿಳಿದುಕೊಂಡೆ.

ಖರ್ಚು ನೆನಪಿದ್ದಷ್ಟು: ಡಾಕ್ಟರು, ಎಂಆರ್‌ಐ ಸೇರಿ ಒಂಬತ್ತು ಸಾವಿರ. ಫಿಸಿಯೋಗೆ 500ರಂತೆ ಹನ್ನೊಂದು ಸಲ. ಮೈಸೂರಿಗೆ ಹೋಗಿ ಬರಲು ಆರು ಸಾವಿರ. ದಂಡವಾದ ಬ್ರೇಸ್, ಎಣ್ಣೆ ಸೇರಿ ಎಂಟೂವರೆ. ಟ್ರೇನರ್, ಟೈರ್ ಐದು ಚಿಲ್ಲರೆ. ಕ್ರ್ಯಾಂಕ್, ಚೈನ್‌ರಿಂಗ್, ಪೆಡಲ್ ಆರರ ಹತ್ತಿರ. ಒಟ್ಟು ನಲವತ್ತು ಸಾವಿರ. ಜೀಪ್ ಟೈರ್ ಪುಕ್ಕಟೆ. ಆ ಕೊಯ್ಲಿನಲ್ಲಿ ನನ್ನ ಬದಲಿಗೆ ಓಡಾಡಲು ಇಟ್ಟುಕೊಂಡವರ ಕೂಲಿಯನ್ನು ಲೆಕ್ಕಕ್ಕೆ ತಗೊಂಡಿಲ್ಲ, ತಗೊಂಡರೆ ಬೇಜಾರಾಗುತ್ತದೆ.

ಪೂರ್ತಿ ಸರಿಯಾಗಿದೆ ಅಂತ ಹೇಳಲ್ಲ. ತೊಡೆ ಇನ್ನೂ ಮುಕ್ಕಾಲು ಸೆಂ.ಮೀ. ಸಣ್ಣ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೆ ಏಳುವಾಗ ನೆಲ ಹಿಡಿಯುತ್ತೇನೆ. ಮೆಣಸಿನ ಏಣಿ ಹತ್ತುವುದಿಲ್ಲ. ಬಿದ್ದ ದಾರಿಯಲ್ಲಿ ಈಗ ಹದಿನಾರು ಸಲ ಇಳಿದಿದ್ದೇನೆ, ಆ ಬೇರಿನ ಹತ್ತಿರ ಇಂದಿಗೂ ಬ್ರೇಕ್ ಮೇಲೆ ಎರಡು ಬೆರಳು ಇರುತ್ತವೆ. ಅದರಿಂದ ಮುಂದಕ್ಕೆ ಇಳಿಯುವ ಇನ್ನೊಂದು ದಾರಿ ಈ ಸಲ ಕಂಡುಹಿಡಿದೆ. ಎಲ್ಲಿದೆ ಅಂತ ಕೇಳಬೇಡಿ, ನಾಳೆ ಜೀಪ್ ತುಂಬ ಜನ ಬರುತ್ತಾರೆ.

ಕ್ಲೀಟ್ ಶೂ ಸ್ಟೋರ್ ರೂಮಿನ ಮೊಳೆಗೆ ನೇತುಹಾಕಿದ್ದೆ. ಮೊನ್ನೆ ಮಾರಿಬಿಡೋಣ ಅಂತ ತೆಗೆದೆ. ಬಲಗಾಲಿನ ಶೂ ಒಳಗೆ ಇಲಿ ಗೂಡು ಮಾಡಿ ನಾಲ್ಕು ಮರಿ ಹಾಕಿತ್ತು. ಮತ್ತೆ ಅಲ್ಲೇ ನೇತುಹಾಕಿ ಬಂದೆ.