ಸದ್ದಿನ ಲೆಕ್ಕ: ಮನೆಯ ಎಕ್ಸರ್‌ಸೈಜ್ ಸೈಕಲ್ ರಿಪೇರಿಯಲ್ಲಿ ನನ್ನ ಅನುಭವ

ಎಕ್ಸರ್‌ಸೈಜ್ ಸೈಕಲ್ ಸದ್ದು ಮಾಡಲು ಶುರು ಮಾಡಿದರೆ ತುಂಬಾ ಜನ ಮೊದಲು ಎಣ್ಣೆ ಡಬ್ಬಿ ಹುಡುಕುತ್ತಾರೆ. ನಾನು ಎಣ್ಣೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಸುಮ್ನೆ ಕೇಳುತ್ತೇನೆ. ಕೆಲವು ವರ್ಷಗಳಿಂದ ನನ್ನ ಸೈಕಲ್ಲಿನ ರಿಪೇರಿಯನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ. ನೆಂಟರ, ಗೆಳೆಯರ ಮನೆಯ ಸೈಕಲ್‌ಗಳನ್ನೂ ನೋಡಿಕೊಟ್ಟಿದ್ದೇನೆ. ಅವುಗಳಲ್ಲಿ ನಿಜವಾಗಿ ಯಾವುದಾದರೂ ಭಾಗ ಕೆಟ್ಟುಹೋಗಿದ್ದು ಕಡಿಮೆ. ಜಾಸ್ತಿ ಸಲ ಎಲ್ಲೋ ಒಂದು ನಟ್ ಸಡಿಲವಾಗಿರುತ್ತದೆ, ಎಲ್ಲೋ ಒಂದು ವೈರ್ ಕಳಚಿರುತ್ತದೆ. ಯಾವ ನಟ್, ಯಾವ ವೈರ್ ಅಂತ ಕಂಡುಹಿಡಿಯುವುದಕ್ಕೇ ಹೊತ್ತು ಹಿಡಿಯುತ್ತದೆ. ಬಿಗಿ ಮಾಡುವುದು ಎರಡು ನಿಮಿಷದ ಕೆಲಸ.

ಸದ್ದು ಎಲ್ಲಿಂದ ಬರುತ್ತಿದೆ ಅನ್ನುವುದಕ್ಕೆ ಕಿವಿಯನ್ನೇ ನಂಬಿಕೊಂಡರೆ ಆಗುವುದಿಲ್ಲ. ಸೈಕಲ್ಲಿನ ಚೌಕಟ್ಟು ಟೊಳ್ಳು ಕೊಳವೆ. ಸೀಟಿನ ಕೆಳಗೆ ಹುಟ್ಟಿದ ಸದ್ದು ಪೆಡಲ್ ಹತ್ತಿರ ಕೇಳಿಸಬಹುದು. ಹಾಗಾಗಿ ನಾನು ಜಾಗ ಹುಡುಕುವ ಮೊದಲು ಲಯ ಹುಡುಕುತ್ತೇನೆ. ಪೆಡಲ್ ಒಂದು ಸುತ್ತು ಬಂದರೆ ಫ್ಲೈವೀಲ್, ಅಂದರೆ ತುಳಿದಾಗ ತಿರುಗುವ ಭಾರದ ಚಕ್ರ, ಹಲವು ಸುತ್ತು ತಿರುಗಿರುತ್ತದೆ. ನಿಧಾನವಾಗಿ ತುಳಿಯುತ್ತಾ, ಬಲಗಾಲು ಕೆಳಗೆ ಬಂದಾಗಲೆಲ್ಲ ಬಾಯಲ್ಲೇ ಎಣಿಸಿ. ಒಂದು ಎಣಿಕೆಗೆ ಒಂದೇ ಸಲ ‘ಟಕ್’ ಅಂದರೆ ಪೆಡಲ್, ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿರುವ ತೋಳು) ಅಥವಾ ಸೀಟು. ಒಂದು ಎಣಿಕೆಯೊಳಗೆ ನಾಲ್ಕಾರು ಸಲ ಬಡಬಡ ಅಂದರೆ ಫ್ಲೈವೀಲ್ ಕಡೆ. ಲಯವೇ ಇಲ್ಲದೆ ಒಂದೇ ಸಮ ಗರಗರ ಅಂದರೆ ಬೇರಿಂಗ್, ಬೆಲ್ಟ್ ಅಥವಾ ಪ್ಲಾಸ್ಟಿಕ್ ಕವರ್ ಎಲ್ಲೋ ಉಜ್ಜುತ್ತಿದೆ.

ಆಮೇಲೆ ಒಂದೊಂದನ್ನೇ ಬದಲಿಸಿ ನೋಡಬೇಕು. ಸೀಟಿನಿಂದ ಎದ್ದು ನಿಂತು ತುಳಿದಾಗ ಸದ್ದು ನಿಂತರೆ ಅದು ಸೀಟಿನದು. ಟೆನ್ಷನ್ (ನಾಬ್ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ತಡೆ) ಪೂರ್ತಿ ಇಳಿಸಿದಾಗ ನಿಂತರೆ ಬ್ರೇಕ್ ಪ್ಯಾಡ್ ಅಥವಾ ಆಯಸ್ಕಾಂತದ ಕಡೆ ನೋಡಬೇಕು. ನೆಲದ ಮೇಲೆ ಕೂತು ಕೈಯಿಂದ ಪೆಡಲ್ ತಿರುಗಿಸಿದಾಗ ಸದ್ದೇ ಇಲ್ಲ, ಹತ್ತಿ ಕೂತಾಗ ಮಾತ್ರ ಇದೆ ಅಂದರೆ, ಭಾರ ಬಿದ್ದಾಗ ಅಲುಗುವ ಜಾಗ ಯಾವುದೋ ಇದೆ ಎಂದು ಅರ್ಥ. ಅಕ್ಕ ಒಮ್ಮೆ ಫೋನ್ ಮಾಡಿ, “ಎಡಗಾಲು ಮೇಲೆ ಬಂದಾಗಲೆಲ್ಲ ಟಿಕ್ ಅನ್ನುತ್ತೆ ಕಣೋ, ಯಾರನ್ನಾದರೂ ಕರೆಸಲಾ?” ಎಂದು ಕೇಳಿದಳು. “ಮೊದಲು ಬರಿಗಾಲಲ್ಲಿ ತುಳಿದು ನೋಡಕ್ಕಾ” ಅಂದೆ. ಸದ್ದು ಹೋಯಿತು. ಶೂ ಲೇಸಿನ ತುದಿಯ ಪ್ಲಾಸ್ಟಿಕ್ ಕ್ರ್ಯಾಂಕಿಗೆ ಬಡಿಯುತ್ತಿತ್ತು. ಅಂದಿನಿಂದ ಯಾರು ಕೇಳಿದರೂ ನನ್ನ ಮೊದಲ ಪ್ರಶ್ನೆ ಲೇಸಿನದೇ.

ಈಗ ಪೆಡಲ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಆಗುವ ಹಾನಿ ಸುಲಭಕ್ಕೆ ಸರಿಹೋಗುವುದಿಲ್ಲ. ಎಡ ಪೆಡಲ್ಲಿನ ಥ್ರೆಡ್ (ತಿರುಪಿನ ಸುರುಳಿ ಗೆರೆ) ಉಲ್ಟಾ ಇರುತ್ತದೆ. ಬಲ ಪೆಡಲ್ಲನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಬಿಗಿ ಮಾಡಬೇಕು, ಎಡ ಪೆಡಲ್ಲನ್ನು ಅದಕ್ಕೆ ವಿರುದ್ಧ ದಿಕ್ಕಿಗೆ. ಇದಕ್ಕೆ ಕಾರಣ ಇದೆ. ಸಡಿಲವಾಗಿ ಮುಚ್ಚಿದ ಮುಷ್ಟಿಯಲ್ಲಿ ಒಂದು ಪೆನ್ಸಿಲ್ ಹಿಡಿದು ಅದರ ತುದಿಯನ್ನು ವೃತ್ತಾಕಾರವಾಗಿ ಆಡಿಸಿ ನೋಡಿ. ಪೆನ್ಸಿಲ್ ಮುಷ್ಟಿಯೊಳಗೆ ಎದುರು ದಿಕ್ಕಿಗೆ ಉರುಳುತ್ತದೆ. ತುಳಿಯುವಾಗ ಪೆಡಲ್ಲಿನ ಆಕ್ಸಲ್ಲಿಗೂ (ಕ್ರ್ಯಾಂಕಿನೊಳಗೆ ಹೊಕ್ಕುವ ಕಂಬಿ) ಹೀಗೇ ಆಗುತ್ತದೆ. ಎರಡೂ ಕಡೆ ಒಂದೇ ರೀತಿಯ ಥ್ರೆಡ್ ಇದ್ದಿದ್ದರೆ ಎಡ ಪೆಡಲ್ ತುಳಿಯುತ್ತಾ ತುಳಿಯುತ್ತಾ ತಾನೇ ಬಿಚ್ಚಿಕೊಳ್ಳುತ್ತಿತ್ತು.

ಪೆಡಲ್ ಆಕ್ಸಲ್ ಮೇಲೆ ಸಾಮಾನ್ಯವಾಗಿ ‘ಎಲ್’, ‘ಆರ್’ ಎಂದು ಕೊರೆದಿರುತ್ತಾರೆ. ಎಲ್ ಅಂದರೆ ಸೀಟಿನ ಮೇಲೆ ಕೂತಾಗ ನಿಮ್ಮ ಎಡಗಡೆ. ಸೈಕಲ್ಲಿನ ಮುಂದೆ ನಿಂತು ನೋಡಿದರೆ ಅದು ಬಲಕ್ಕೆ ಕಾಣುತ್ತದೆ, ಗೊಂದಲ ಶುರುವಾಗುವುದೇ ಅಲ್ಲಿಂದ. ಆಕ್ಸಲ್ ಗಟ್ಟಿ ಉಕ್ಕು. ಕ್ರ್ಯಾಂಕ್ ಎಷ್ಟೋ ಸೈಕಲ್‌ಗಳಲ್ಲಿ ಅಲ್ಯುಮಿನಿಯಂ, ಅಂದರೆ ಮೆತ್ತಗಿನ ಲೋಹ. ಓರೆಯಾಗಿ ಹೊಕ್ಕ ಆಕ್ಸಲ್ಲನ್ನು ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನ ಒಳಗಿನ ಥ್ರೆಡ್ಡೇ ಕಿತ್ತುಬರುತ್ತದೆ. ಅದಕ್ಕೇ ನಾನು ಮೊದಲ ಕೆಲವು ಸುತ್ತನ್ನು ಬರೀ ಬೆರಳಿನಿಂದ ಹಾಕುತ್ತೇನೆ. ಸಲೀಸಾಗಿ ಹೋಗದಿದ್ದರೆ ಹೊರಗೆ ತೆಗೆದು ಮತ್ತೆ ನೇರ ಹಿಡಿದು ಹಾಕುತ್ತೇನೆ. ಥ್ರೆಡ್ಡಿಗೆ ಒಂದಿಷ್ಟು ಗ್ರೀಸ್ ಸವರಿ, ಪೂರ್ತಿ ಒಳಗೆ ಹೋದ ಮೇಲಷ್ಟೇ 15 ಎಂ.ಎಂ. ಸ್ಪ್ಯಾನರ್ ಹಿಡಿಯುತ್ತೇನೆ. ಆಕ್ಸಲ್ಲಿನ ಅಂಚಿಗೂ ಕ್ರ್ಯಾಂಕಿಗೂ ನಡುವೆ ಸಂದು ಉಳಿಯಬಾರದು. ಹೊಸ ಪೆಡಲ್ ಕೊಳ್ಳುವುದಿದ್ದರೆ ಹಳೆಯದರ ದಪ್ಪ ಅಳೆದುಕೊಳ್ಳಿ: ಹೆಚ್ಚಿನವು 9/16 ಇಂಚು, ಕೆಲವು 1/2 ಇಂಚು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಪೆಡಲ್ ಬಿಗಿಯಾಗಿದ್ದೂ ಟಕ್ ಟಕ್ ನಿಲ್ಲದಿದ್ದರೆ ಕ್ರ್ಯಾಂಕ್ ನೋಡಿ. ನಾನು ಎರಡು ಕೈಯಲ್ಲಿ ಎರಡು ಕ್ರ್ಯಾಂಕ್ ಹಿಡಿದು ಚೌಕಟ್ಟಿನ ಕಡೆಗೆ, ಹೊರಗೆ ಅಲುಗಿಸುತ್ತೇನೆ. ಒಂದು ಮಾತ್ರ ಅಲುಗಿದರೆ ಆ ಕ್ರ್ಯಾಂಕಿನ ನಟ್ ಸಡಿಲ. ಎರಡೂ ಒಟ್ಟಿಗೆ ಅಲುಗಿದರೆ ಎರಡು ಕ್ರ್ಯಾಂಕನ್ನೂ ಜೋಡಿಸುವ ನಡುವಿನ ಆಕ್ಸಲ್ಲಿನ ಬೇರಿಂಗ್ ಹತ್ತಿರ ತೊಂದರೆ. ಈ ಒಂದು ಪರೀಕ್ಷೆ ನನಗೆ ಎಷ್ಟೋ ಹೊತ್ತು ಉಳಿಸಿದೆ. ಕ್ರ್ಯಾಂಕಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಿದರೆ ಒಳಗೆ ನಟ್ ಅಥವಾ ಬೋಲ್ಟ್ ಕಾಣುತ್ತದೆ. ಸಾಕೆಟ್ ಸ್ಪ್ಯಾನರ್ ಹಾಕಿ ಚೆನ್ನಾಗಿ ಬಿಗಿ ಮಾಡಬೇಕು. ಹೊಸ ಸೈಕಲ್ಲಿನಲ್ಲಂತೂ ಮೊದಲ ಕೆಲವು ವಾರಗಳ ನಂತರ ಇದನ್ನು ಇನ್ನೊಮ್ಮೆ ಮಾಡಲೇಬೇಕು, ಯಾಕೆಂದರೆ ಭಾರ ಬಿದ್ದ ಮೇಲೆ ಕ್ರ್ಯಾಂಕ್ ಆಕ್ಸಲ್ಲಿನ ಮೇಲೆ ಇನ್ನಷ್ಟು ಒಳಗೆ ಕೂರುತ್ತದೆ.

ದಯವಿಟ್ಟು ಸಡಿಲ ಕ್ರ್ಯಾಂಕಿನಲ್ಲಿ “ಈ ವಾರ ನಡೆಯಲಿ” ಅಂತ ತುಳಿಯಬೇಡಿ. ಹಲವು ಸೈಕಲ್‌ಗಳಲ್ಲಿ ಆಕ್ಸಲ್ಲಿನ ತುದಿ ಚೌಕ, ಕ್ರ್ಯಾಂಕಿನ ತೂತೂ ಚೌಕ. ಸಡಿಲವಿದ್ದಾಗ ತುಳಿದಷ್ಟೂ ಆ ಚೌಕದ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಎಷ್ಟೇ ಬಿಗಿ ಮಾಡಿದರೂ ನಿಲ್ಲುವುದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು. ಅದನ್ನು ಹೊರಗೆ ತೆಗೆಯಲು ಕ್ರ್ಯಾಂಕ್ ಪುಲ್ಲರ್ ಎಂಬ ಸಣ್ಣ ಸಾಧನ ಸಿಗುತ್ತದೆ. ಸುತ್ತಿಗೆ ಬೇಡ, ಆ ಹೊಡೆತ ನೇರ ಬೇರಿಂಗಿಗೆ ಬೀಳುತ್ತದೆ.

ಸೈಕಲ್ ಅಲ್ಲಾಡುತ್ತಿದ್ದರೆ ಕೆಲಸ ಚಿಕ್ಕದು. ಕೆಳಗಿನ ಅಡ್ಡಪಟ್ಟಿಗಳ ತುದಿಯಲ್ಲಿ ತಿರುಗಿಸುವ ಪಾದಗಳಿರುತ್ತವೆ. ನಾಲ್ಕೂ ನೆಲ ಮುಟ್ಟುವಂತೆ ಹೊಂದಿಸಿ. ಆದರೂ ಅಲ್ಲಾಡಿದರೆ ಅಡ್ಡಪಟ್ಟಿಯ ಬೋಲ್ಟ್‌ಗಳನ್ನು ಸ್ವಲ್ಪ ಸಡಿಲಿಸಿ, ಸೈಕಲ್ ಸಮ ನೆಲದಲ್ಲಿ ತಾನಾಗಿ ಕೂತ ಮೇಲೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸೀಟು ಕಿರ್ರ್ ಅಂದರೆ ಸೀಟಿನ ಕಂಬವನ್ನು ಹೊರಗೆಳೆದು ಒರೆಸಿ, ಸೀಟಿನ ಕೆಳಗಿನ ಕ್ಲಾಂಪಿನ ಎರಡೂ ಕಡೆಯ ನಟ್‌ಗಳನ್ನು ಸಮನಾಗಿ ಬಿಗಿ ಮಾಡಿ. ಕಂಬದ ಮೇಲೆ ಗುರುತಿಸಿರುವ ಗರಿಷ್ಠ ಎತ್ತರದ ಗೆರೆ ಮಾತ್ರ ದಾಟಬೇಡಿ.

ಕವರ್ ಬಿಚ್ಚುವ ಕೆಲಸಕ್ಕೆ ಬರುವ ಮೊದಲು ಒಂದು ಮಾತು. ಕರೆಂಟಿಗೆ ಹಾಕುವ ಸೈಕಲ್ ಆದರೆ ಪ್ಲಗ್ ತೆಗೆಯಿರಿ. ಸ್ಪಿನ್ ಬೈಕ್‌ಗಳಲ್ಲಿ ಫ್ಲೈವೀಲ್ ಮತ್ತು ಪೆಡಲ್ ಸಾಮಾನ್ಯವಾಗಿ ಒಟ್ಟಿಗೇ ತಿರುಗುತ್ತವೆ. ಕಾಲು ನಿಲ್ಲಿಸಿದರೂ ಚಕ್ರದ ಭಾರಕ್ಕೆ ಪೆಡಲ್ ಸುತ್ತುತ್ತಲೇ ಇರುತ್ತದೆ. ಬೆಲ್ಟ್ ಮತ್ತು ಪುಲ್ಲಿ (ಬೆಲ್ಟ್ ಸುತ್ತುವ ರಾಟೆ) ನಡುವೆ ಬೆರಳು ಸಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಚಕ್ರ ಪೂರ್ತಿ ನಿಂತಿರಬೇಕು, ಮಕ್ಕಳು ಹತ್ತಿರ ಇರಬಾರದು.

ಜೋರಾಗಿ ತುಳಿದಾಗ ಪೆಡಲ್ ತಟಕ್ಕನೆ ಜಾರಿದಂತಾದರೆ ಬೆಲ್ಟ್ ಮೇಲೆ ಅನುಮಾನ. ಇದನ್ನು ಖಚಿತ ಮಾಡಿಕೊಳ್ಳಲು ಬ್ರೇಕ್ ಒತ್ತಿ ಫ್ಲೈವೀಲ್ ನಿಲ್ಲಿಸಿ, ಪುಲ್ಲಿ ಮೇಲೂ ಬೆಲ್ಟ್ ಮೇಲೂ ಸೀಮೆಸುಣ್ಣದಿಂದ ಒಂದೇ ನೇರದಲ್ಲಿ ಗೆರೆ ಎಳೆಯಿರಿ. ಪೆಡಲ್ಲನ್ನು ಕೈಯಿಂದ ಬಲವಾಗಿ ಒತ್ತಿ. ಗೆರೆಗಳು ಬೇರೆಯಾದರೆ ಬೆಲ್ಟ್ ಜಾರುತ್ತಿದೆ. ಗೆರೆಗಳು ಹಾಗೇ ಇದ್ದು ಕ್ರ್ಯಾಂಕ್ ಮಾತ್ರ ಅಲುಗಿದರೆ, ಮೇಲೆ ಹೇಳಿದ ಸಡಿಲ ಕ್ರ್ಯಾಂಕೇ ಕಾರಣ. ಬೆಲ್ಟ್ ಬಿಗಿ ಮಾಡುವ ಬೋಲ್ಟ್ ಅಥವಾ ಬೆಲ್ಟನ್ನು ಒತ್ತಿ ಹಿಡಿಯುವ ಸಣ್ಣ ರಾಟೆ ಒಳಗಿರುತ್ತದೆ. ನಾನು ಕಾಲು ಸುತ್ತು ಬಿಗಿ ಮಾಡಿ, ತುಳಿದು ನೋಡಿ, ಬೇಕಾದರೆ ಇನ್ನು ಕಾಲು ಸುತ್ತು ಹಾಕುತ್ತೇನೆ. ಒಮ್ಮೆಲೇ ಎಳೆದು ಬಿಗಿ ಮಾಡಿದರೆ ಎರಡೂ ಕಡೆಯ ಬೇರಿಂಗಿಗೆ ಹೊರೆ. ಬೆಲ್ಟಿಗೆ ಎಣ್ಣೆ, ಸ್ಪ್ರೇ ಏನೂ ಹಾಕಬಾರದು. ಕೀಚಲು ಸದ್ದು ಎರಡು ದಿನ ನಿಲ್ಲಬಹುದು, ಆಮೇಲೆ ಜಾರುವುದು ಜಾಸ್ತಿ ಆಗುತ್ತದೆ. ಚೈನ್ ಇರುವ ಸೈಕಲ್ಲಿಗೆ ಮಾತ್ರ ಎಣ್ಣೆ ಬೇಕು.

ಟೆನ್ಷನ್ ತೊಂದರೆ ನೋಡುವ ಮೊದಲು ನಿಮ್ಮದು ಯಾವ ಬಗೆಯದು ಅಂತ ತಿಳಿದಿರಬೇಕು. ಒಂದು ಬಗೆಯಲ್ಲಿ ಉಣ್ಣೆ ಅಥವಾ ಚರ್ಮದ ಪ್ಯಾಡ್ ಚಕ್ರವನ್ನು ಉಜ್ಜುತ್ತದೆ. ಅದು ಒಣಗಿದಾಗ ಕೀಚಲು ಸದ್ದು, ಸುಟ್ಟ ವಾಸನೆ ಬರುತ್ತವೆ. ಉಣ್ಣೆ ಪ್ಯಾಡಿಗೆ ಸ್ವಲ್ಪ ಸಿಲಿಕೋನ್ ಸ್ಪ್ರೇ ಹಾಕಿದರೆ ಸರಿಹೋಗುತ್ತದೆ. ಸವೆದು ತೆಳ್ಳಗಾಗಿದ್ದರೆ ಬದಲಿಸಬೇಕು. ಇನ್ನೊಂದು ಬಗೆಯಲ್ಲಿ ಆಯಸ್ಕಾಂತಗಳು ಚಕ್ರವನ್ನು ಮುಟ್ಟದೆಯೇ ತಡೆಯುತ್ತವೆ. ಲೋಹದ ಚಕ್ರ ಆಯಸ್ಕಾಂತದ ಹತ್ತಿರ ತಿರುಗಿದಾಗ ಅದರಲ್ಲಿ ವಿದ್ಯುತ್ ಸುಳಿಗಳು ಹುಟ್ಟಿ ತಿರುಗುವಿಕೆಯನ್ನು ಎದುರಿಸುತ್ತವೆ. ಚಕ್ರ ನಿಧಾನವಾಗಿದ್ದರೆ ಈ ತಡೆಯೂ ಕಡಿಮೆ. “ನಾಬ್ ಪೂರ್ತಿ ತಿರುಗಿಸಿದರೂ ಮೆಲ್ಲಗೆ ತುಳಿದಾಗ ಹಗುರ” ಅಂತ ಹಲವರು ನನಗೆ ಹೇಳಿದ್ದಾರೆ. ಅದು ದೋಷವೇ ಅಲ್ಲ. ವೇಗವಾಗಿ ತುಳಿದಾಗಲೂ ಹಗುರವಾಗಿದ್ದರೆ ಮಾತ್ರ ಕೇಬಲ್ ನೋಡಬೇಕು. ನಾಬ್ ತಿರುಗಿಸುತ್ತಾ ಆಯಸ್ಕಾಂತದ ಪಟ್ಟಿ ಅಲುಗುತ್ತದೆಯೇ ಅಂತ ಟಾರ್ಚ್ ಬಿಟ್ಟು ನೋಡಿ. ಅಲುಗದಿದ್ದರೆ ಕೇಬಲ್ಲಿನ ತುದಿ ಕೊಕ್ಕೆಯಿಂದ ಜಾರಿರುತ್ತದೆ ಅಥವಾ ಕೇಬಲ್ ತುಂಡಾಗಿರುತ್ತದೆ.

ಮೀಟರ್ ಸತ್ತಿದ್ದರೆ ಮೊದಲು ಸೆಲ್, ಆಮೇಲೆ ಸೆಲ್ ಕೂರುವ ಲೋಹದ ತುದಿಗಳು. ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ತೆಗೆಯುತ್ತೇನೆ. ಮೀಟರ್ ಉರಿಯುತ್ತಿದೆ, ವೇಗ ಮಾತ್ರ ಸೊನ್ನೆ ಅಂದರೆ ಸೆನ್ಸರ್ ಕಡೆ ಹೋಗಬೇಕು. ಹಲವು ಸೈಕಲ್‌ಗಳಲ್ಲಿ ಪುಲ್ಲಿಗೆ ಒಂದು ಪುಟ್ಟ ಆಯಸ್ಕಾಂತ ಅಂಟಿಸಿರುತ್ತಾರೆ, ಅದು ಸೆನ್ಸರ್ ಮುಂದೆ ಹಾದುಹೋದಾಗಲೆಲ್ಲ ಮೀಟರ್ ಒಂದು ಸುತ್ತು ಎಣಿಸುತ್ತದೆ. ಕವರ್ ಬಿಚ್ಚಿ, ಬೇರೊಂದು ಆಯಸ್ಕಾಂತವನ್ನು ಸೆನ್ಸರ್ ಹತ್ತಿರ ಹಿಂದೆ ಮುಂದೆ ಆಡಿಸಿ. ಮೀಟರ್ ಎಣಿಸಿದರೆ ಸೆನ್ಸರ್, ವೈರ್ ಎರಡೂ ಚೆನ್ನಾಗಿವೆ; ಪುಲ್ಲಿಯ ಆಯಸ್ಕಾಂತ ಉದುರಿದೆ ಇಲ್ಲವೇ ದೂರ ಸರಿದಿದೆ. ಎಣಿಸದಿದ್ದರೆ ವೈರ್ ಹುಡುಕಿ. ಹ್ಯಾಂಡಲ್ ಕಂಬದ ಜೋಡಣೆಯಲ್ಲಿ ವೈರ್ ಸಿಕ್ಕಿಕೊಂಡು ಜಜ್ಜಿಹೋಗಿರುವುದು ಅಥವಾ ಅಲ್ಲಿನ ಪ್ಲಗ್ ಅರ್ಧ ಮಾತ್ರ ಕೂತಿರುವುದು ನಾನು ಹೆಚ್ಚು ಕಂಡ ಕಾರಣ.

ಹ್ಯಾಂಡಲ್ಲಿನ ಲೋಹದ ಪಟ್ಟಿ ನಾಡಿಬಡಿತವನ್ನು ತಪ್ಪಾಗಿ ತೋರಿಸಿದರೆ ಅಂಗೈ ಸ್ವಲ್ಪ ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡದೆ ಹಿಡಿಯಿರಿ. ಅದು ಹೃದಯದ ವಿದ್ಯುತ್ ಸಂಕೇತವನ್ನು ಚರ್ಮದ ಮೂಲಕ ಓದುತ್ತದೆ. ಕೈ ಒಣಗಿದ್ದರೆ, ಸ್ನಾಯು ಬಿಗಿದಿದ್ದರೆ ಓದು ಕೆಡುತ್ತದೆ.

ಬೆವರಿನ ಬಗ್ಗೆ ಹೇಳಲೇಬೇಕು. ಅದರ ಉಪ್ಪು ಹ್ಯಾಂಡಲ್ ಕಂಬದ ಜೋಡಣೆಗೆ, ಬೋಲ್ಟ್ ತಲೆಗಳಿಗೆ, ಫ್ಲೈವೀಲ್ ಅಂಚಿಗೆ ತುಕ್ಕು ಹಿಡಿಸುತ್ತದೆ. ತುಳಿದು ಇಳಿದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ತುಕ್ಕು ಹಿಡಿದ ಬೋಲ್ಟನ್ನು ಬಿಚ್ಚುವ ಕಷ್ಟ ಅನುಭವಿಸಿದವರಿಗೆ ಈ ಒಂದು ನಿಮಿಷ ಭಾರ ಅನ್ನಿಸುವುದಿಲ್ಲ.

ಬೇರಿಂಗ್ ಹೋಗಿದೆಯೇ ಅಂತ ತಿಳಿಯಲು ಬೆಲ್ಟ್ ತೆಗೆದು ಫ್ಲೈವೀಲನ್ನೂ ಕ್ರ್ಯಾಂಕನ್ನೂ ಬೇರೆ ಬೇರೆಯಾಗಿ ಕೈಯಿಂದ ತಿರುಗಿಸುತ್ತೇನೆ. ಮರಳು ಸೇರಿದಂತೆ ಕೈಗೆ ತಗುಲಿದರೆ ಅದೇ. ಬೇರಿಂಗಿನ ಅಂಚಿನಲ್ಲಿ ನಂಬರ್ ಕೊರೆದಿರುತ್ತದೆ. ಉದಾಹರಣೆಗೆ 6003 ಅಂದರೆ ಒಳಗಿನ ತೂತು 17, ಹೊರಗಿನ ಅಗಲ 35, ದಪ್ಪ 10 ಎಂ.ಎಂ. ಆ ನಂಬರ್ ಹೇಳಿದರೆ ಬೇರಿಂಗ್ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಕೂರಿಸುವ ಕೆಲಸವನ್ನು ಮಾತ್ರ ನಾನು ಮೆಕ್ಯಾನಿಕ್ಕಿಗೆ ಬಿಡುತ್ತೇನೆ, ಅದಕ್ಕೆ ಸರಿಯಾದ ಒತ್ತುಯಂತ್ರ ಬೇಕು.

ಚೌಕಟ್ಟಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ, ಫ್ಲೈವೀಲ್ ಓಲಾಡುತ್ತಾ ತಿರುಗಿದರೂ ಅಲ್ಲಿಗೇ ತುಳಿಯುವುದನ್ನು ನಿಲ್ಲಿಸಿ ಸರ್ವಿಸ್‌ನವರನ್ನು ಕರೆಯಿರಿ. ಕರೆಯುವ ಮೊದಲು ಚೌಕಟ್ಟಿನ ಸ್ಟಿಕ್ಕರ್ ಮೇಲಿನ ಮಾಡೆಲ್ ನಂಬರಿನ ಫೋಟೊ ತೆಗೆದಿಡಿ. ಪೆಡಲ್ ಮತ್ತು ಚಕ್ರ ಎರಡೂ ಕಾಣುವಂತೆ, ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ವಿಡಿಯೊ ಮಾಡಿ. ಆ ವಿಡಿಯೊ ನೋಡಿದರೆ ಬರುವವರು ಬೇಕಾದ ಭಾಗವನ್ನು ಮೊದಲ ಸಲವೇ ತರಬಹುದು.