ಜೇನುನೊಣಕ್ಕೆ ಎರಡು ಬಣ್ಣ ಬೇರೆಯಾಗಿ ಕಾಣುತ್ತವೆಯೇ? ಪರೀಕ್ಷಿಸುವ ಬಗೆ

ಪರೀಕ್ಷೆಗೆ ಎರಡು ಬಣ್ಣದ ಕಾರ್ಡ್ ಆರಿಸುವಾಗ ನಿಮ್ಮ ಕಣ್ಣನ್ನು ನಂಬಬೇಡಿ. ಜೇನಿನ ಕಣ್ಣಿಗಿರುವುದು ಅತಿನೇರಳೆ, ನೀಲಿ, ಹಸಿರು ಬೆಳಕನ್ನು ಗ್ರಹಿಸುವ ಕೋಶಗಳು. ನಮಗೆ ಒಂದೇ ಬಿಳಿಯಾಗಿ ಕಾಣುವ ಎರಡು ಕಾಗದ ಅದಕ್ಕೆ ಬೇರೆಬೇರೆ ಇರಬಹುದು. ಬೆಳಕನ್ನು ತರಂಗಾಂತರವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್‌ನಲ್ಲಿ 300ರಿಂದ 700 ನ್ಯಾನೊಮೀಟರ್‌ವರೆಗೆ ಪ್ರತಿಫಲನ ಅಳೆಯಿರಿ.

ಪರೀಕ್ಷೆಗೆ ಬೆಂಗಳೂರಿನ ತೋಟಗಳ ತುಡುವೆ ಜೇನೇ ಸಾಕಾಗುತ್ತದೆ. ನೊಣದ ಬೆನ್ನಿಗೆ ಬಣ್ಣದ ಚುಕ್ಕೆಯಿಟ್ಟು ಗುರುತಿಸಿ. ನೊಣ ಆರಿಸಲು ಕಲಿಯಬೇಕಾದ ಗುರಿಯ ಬಣ್ಣದ ಮೇಲೆ 50% ಸಕ್ಕರೆ ದ್ರಾವಣ, ಇನ್ನೊಂದರ ಮೇಲೆ ಕಹಿ ಕ್ವಿನೈನ್ ದ್ರಾವಣ ಇಡಿ. ಕ್ವಿನೈನ್ ಬಿಡಲೇಬೇಡಿ: ತಪ್ಪಿಗೆ ದಂಡವಿಲ್ಲದಿದ್ದರೆ ನೊಣ ಅವಸರದಲ್ಲಿ ಆರಿಸುತ್ತದೆ, ಸೂಕ್ಷ್ಮ ವ್ಯತ್ಯಾಸ ಅದಕ್ಕೆ ಕಾಣುವುದೇ ಇಲ್ಲವೆಂದು ನೀವು ತಪ್ಪು ತಿಳಿಯುತ್ತೀರಿ. ಆಗಾಗ ಕಾರ್ಡ್‌ಗಳ ಜಾಗ ಬದಲಿಸಿ, ಆಲ್ಕೋಹಾಲ್‌ನಿಂದ ಒರೆಸಿ. ಇಲ್ಲವಾದರೆ ಅದು ಜಾಗವನ್ನೋ ವಾಸನೆಯನ್ನೋ ಕಲಿಯುತ್ತದೆ.

ಕೊನೆಗೆ ಅದೇ ಬಣ್ಣಗಳ ಹೊಸ ಕಾರ್ಡ್‌ಗಳೆರಡರಲ್ಲೂ ಬರೀ ನೀರಿಟ್ಟು, ನೊಣ ಯಾವುದನ್ನು ಎಷ್ಟು ಸಲ ಆರಿಸುತ್ತದೆಂದು ಎಣಿಸಿ. ಮಳೆಗಾಲದ ಮೋಡ ಬೆಳಕನ್ನು ಕ್ಷಣಕ್ಷಣಕ್ಕೂ ಬದಲಿಸುವಾಗ ಬೇಡ.